ಅಕ್ಕನ ರೂಪಾಯಿ ಸರ

ಬೆಳಗಿನ ಐದೂವರೆ. ಲಕ್ಷ್ಮೇಶ್ವರದ ಬಜಾರದ ಹಿಂದಿನ ಓಣಿಯಲ್ಲಿ ಹಾಲಿನವರನ್ನು ಬಿಟ್ಟರೆ ಇನ್ನೂ ಯಾರ ಸದ್ದೂ ಇಲ್ಲ. ಮೌನೇಶ ಪತ್ತಾರರು ತಗಡಿನ ಬಾಗಿಲು ಸರಿಸಿ ಒಳಗೆ ಬರುತ್ತಾರೆ. ಒಲೆಗೆ ಕೈ ಮುಗಿದು, ಇದ್ದಿಲು ಒಟ್ಟಿ, ಗಾಳಿಯಂತ್ರದ ಗುಂಡಿ ಒತ್ತುತ್ತಾರೆ. ಬೆಳ್ಳಿ ಕರಗಿಸುವ ಮೂಸೆ ಕೆಂಪಾಗುವ ಹೊತ್ತಿಗೆ ಬನಿಯನ್ ಬೆನ್ನಿಗೆ ಅಂಟಿಕೊಂಡಿರುತ್ತದೆ. ಅವರ ಹುಬ್ಬುಗಳು ಬೆಂಕಿಯ ಪಾಲಾಗಿ ವರ್ಷಗಳೇ ಆದವು. ಕೇಳಿದರೆ ನಗುತ್ತಾರೆ: "ನಮಗ ಹುಬ್ಬು ಯಾತಕ್ಕ ಬೇಕ್ರೀ? ಫೋಟೋ ತಗಸೂದೈತೇನು?"

ಐವತ್ತೊಂಬತ್ತರ ಮೌನೇಶ ಅವರದು ಹಳೆಯ ಬೆಳ್ಳಿ ಕರಗಿಸಿ ಅಚ್ಚಿನ ಗಟ್ಟಿ ಮಾಡಿಕೊಡುವ ಕೆಲಸ. ಒಡವೆ ಮಾಡಿದವನನ್ನು ಜನ ನಾಲ್ಕು ದಿನವಾದರೂ ನೆನೆಯುತ್ತಾರೆ, ಕರಗಿಸಿದವನ ಹೆಸರು ಯಾರಿಗೆ ಬೇಕು? ಗದಗ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳಲ್ಲಿ ಜನ ಮಾರಿಹೋದ ಕಡಗ, ಉಡದಾರ, ಬಟ್ಟಲು ಎಲ್ಲವೂ ಅಂಗಡಿಯ ಆಳುಗಳ ಕೈಯಲ್ಲಿ ಇಲ್ಲಿಗೆ ಬರುತ್ತವೆ. ಸುತ್ತಲಿನ ಊರುಗಳಲ್ಲಿ ಇಂಥ ಒಲೆಗಳು ಒಂದೊಂದೇ ಆರಿದ್ದರಿಂದ ಎಲ್ಲ ದಾರಿಗಳೂ ಇವರ ಬಾಗಿಲಿಗೇ ಬಂದು ನಿಂತಿವೆ.

ಮೊದಲು ದಿನಕ್ಕೆ ಒಂದು ಕಿಲೋ ಕರಗಿದರೆ ಹೆಚ್ಚು. ಬೆಳ್ಳಿಯ ದರ ಕಿಲೋಗೆ ಲಕ್ಷ ದಾಟಿ ಓಡತೊಡಗಿದ ಮೇಲೆ ಐದಾರು ಕಿಲೋ. ದರ ಇನ್ನೂ ಏರುತ್ತದೆ ಎಂದು ಕೂಡಿಡುವವರು ಬೆಳ್ಳಿ ಬಿಸ್ಕೀಟು ಕೊಳ್ಳುತ್ತಾರೆ. ಆ ಬಿಸ್ಕೀಟಿಗಾಗಿ ಯಾವುದೋ ಊರಿನ ಮಗುವಿನ ಉಡದಾರ ಮೂಸೆಗೆ ಬೀಳಬೇಕು. "ದರ ಏರಿತಂದ್ರ ಪ್ಯಾಟ್ಯಾಗ ಎಲ್ಲಾರೂ ಖುಷಿ ಆಗ್ತಾರ್ರೀ. ನನಗ ಅವತ್ತ ಊಟ ಸೇರೂದಿಲ್ಲ," ಎನ್ನುತ್ತಾರೆ ಮೌನೇಶ. ಕೂಲಿ ಐದು ಪಟ್ಟು ಬರುವ ಮನುಷ್ಯ ಹೀಗನ್ನುವುದು ವಿಚಿತ್ರವೇ. ಅದಕ್ಕೆ ಕಾರಣ ಮುಂಡರಗಿ ಹತ್ತಿರದ ಸಿಂಗಟಾಲೂರಿನಲ್ಲಿರುವ ಅವರ ಅಕ್ಕ ಸಾವಿತ್ರೆವ್ವ.

ಇವರ ತಂದೆ ಹುಚ್ಚೀರಪ್ಪ ಈ ಸೀಮೆಗೆಲ್ಲ ರೂಪಾಯಿ ಸರ ಮಾಡಿಕೊಡುತ್ತಿದ್ದರು. ರಾಣಿ ಛಾಪದ, ರಾಜನ ಛಾಪದ ಹಳೆಯ ಬೆಳ್ಳಿ ರೂಪಾಯಿಗಳ ನೆತ್ತಿಗೆ ಒಂದೊಂದು ಕೊಂಡಿ ಬೆಸೆದು, ದಾರಕ್ಕೆ ಪೋಣಿಸಿದರೆ ಸರ ತಯಾರು. ಒಬ್ಬ ಅಕ್ಕಸಾಲಿಗ ಪತ್ತಾರ ಹಾಕಿದ ಕೊಂಡಿಯಂತೆ ಇನ್ನೊಬ್ಬನದು ಇರುತ್ತಿರಲಿಲ್ಲ. ಹುಚ್ಚೀರಪ್ಪ ಎರಡು ಎಳೆ ತಂತಿ ಹೊಸೆದು, ಬುಡದಲ್ಲಿ ಸಾಸಿವೆಯಷ್ಟು ಬೆಳ್ಳಿಗುಂಡು ಕೂರಿಸುತ್ತಿದ್ದರು. ಈಗ ಗದಗಿನಿಂದ ನಾಣ್ಯ ಸಂಗ್ರಹದ ಹವ್ಯಾಸಿ ಶಾಹಬಾಜ ಪ್ರತಿ ಭಾನುವಾರ ಬಂದು, ಸವೆಯದ ರೂಪಾಯಿ ಸಿಕ್ಕರೆ ಹೆಚ್ಚು ಬೆಲೆ ಕೊಟ್ಟು ಒಯ್ಯುತ್ತಾನೆ. ಕೊಂಡಿಯ ಗುರುತಿದ್ದದ್ದನ್ನು ಮುಟ್ಟುವುದಿಲ್ಲ. "ಬೆಸುಗಿ ಬಿದ್ದದ್ದು ನಮಗ ನಡಿಯೂದಿಲ್ರೀ ಕಾಕಾ" ಎನ್ನುತ್ತಾನೆ. ಹುಚ್ಚೀರಪ್ಪನ ಕೈ ತಾಗಿದ ರೂಪಾಯಿಗಳಿಗೆ ಉಳಿದದ್ದು ಮೂಸೆಯೊಂದೇ.

ಸಾವಿತ್ರೆವ್ವನ ಮದುವೆಗೆ ಹುಚ್ಚೀರಪ್ಪ ಹನ್ನೊಂದು ರೂಪಾಯಿಗಳ ಸರ ಮಾಡಿದರು. ತಮ್ಮ ಮೌನೇಶನಿಗೆ ಆಗ ಹನ್ನೊಂದು ವರ್ಷ. ಹಟ ಮಾಡಿ ಒಂದು ಕೊಂಡಿ ತಾನೇ ಬೆಸೆದ. ಅದು ವಾರೆಯಾಯಿತು. ಅಪ್ಪ ಕಿತ್ತು ಸರಿಮಾಡಲು ಹೋದರೆ ಅಕ್ಕ ಬಿಡಲಿಲ್ಲ. "ಇರ್ಲಿ ಬಿಡಪಾ, ನನ್ನ ತಮ್ಮ ಹಾಕಿದ್ದು" ಅಂದಳಂತೆ. ಆಮೇಲೆ ನಲವತ್ತೇಳು ವರ್ಷ, ನಾಗರ ಪಂಚಮಿಗೆ ತವರಿಗೆ ಬಂದಾಗಲೆಲ್ಲ ಆ ಸರ ಅವಳ ಕೊರಳಲ್ಲಿ ಇರುತ್ತಿತ್ತು.

ಹೋದ ವರ್ಷ ಪಂಚಮಿಗೆ ಹದಿನೈದು ದಿನ ಮುಂಚೆ ಗದಗಿನ ಅಂಗಡಿಯಿಂದ ಎಂದಿನಂತೆ ಮಾಲು ಬಂತು. ಕೊಂಡಿಯ ಬೆಸುಗೆಯಲ್ಲಿ ಹಿತ್ತಾಳೆ ಬೆರೆತಿರುವುದರಿಂದ ಅಂಗಡಿಯವರು ಸರ ಕೊಳ್ಳುವಾಗಲೇ ಕೊಂಡಿಗಳನ್ನು ಕತ್ತರಿಸಿ ಬೇರೆ ಪುಡಿಕೆ ಕಟ್ಟಿರುತ್ತಾರೆ. ಕರಗಿಸುವವನು ಮೊದಲು ಒಳ್ಳೆಯ ಬೆಳ್ಳಿ ಕರಗಿಸಿ, ಕಡೆಗೆ ಪುಡಿಕೆ ಬಿಚ್ಚುತ್ತಾನೆ. ಅದು ದಂಧೆಯ ಕ್ರಮ. ಯಾರದು ಎಂದು ಕೇಳದಿರುವುದೂ ಅದೇ ಕ್ರಮಕ್ಕೆ ಸೇರಿದ್ದು. ಮೌನೇಶ ಬೋಳು ರೂಪಾಯಿಗಳನ್ನು ಮೂಸೆಗೆ ಹಾಕಿದರು, ಕೊಳೆ ಬಿಡಿಸುವ ಬಿಳಿಗಾರ ಉದುರಿಸಿದರು, ಕರಗಿದ್ದನ್ನು ಅಚ್ಚಿಗೆ ಸುರಿದರು. ಆಮೇಲೆ ಪುಡಿಕೆ ಬಿಚ್ಚಿದರು.

ಹೊಸೆದ ತಂತಿಯ ಹತ್ತು ಕೊಂಡಿ. ವಾರೆಯಾದದ್ದು ಒಂದು.

"ಗಟ್ಟಿ ಇನ್ನೂ ಬಿಸಿ ಇತ್ರೀ. ಮುಟ್ಟಾಕ ಹೋಗಿ ಕೈ ಸುಟಗೊಂಡೆ. ಮುಟ್ಟಿದ್ರ ಏನ್ ಬರ್ತಿತ್ತು? ಯಾವ ಬೆಳ್ಳಿ ಯಾರದು ಅಂತ ಇನ್ನ ಹ್ಯಾಂಗ ಬ್ಯಾರೆ ಮಾಡೂದು?"

ಅಂಗಡಿಯ ಚನ್ನಬಸವಣ್ಣನಿಗೆ ಫೋನು ಹಚ್ಚಿದರೆ ಎಲ್ಲ ತಿಳಿಯಿತು. ಮೊಮ್ಮಗಳು ಸುಶ್ಮಿತಾಳ ನರ್ಸಿಂಗ್ ಕಾಲೇಜಿನ ಫೀಗಾಗಿ ಸಾವಿತ್ರೆವ್ವ ಸರ ಮಾರಿದ್ದಳು. ಲಕ್ಷ್ಮೇಶ್ವರದ ಪೇಟೆಯಲ್ಲಿ ಮಾರಿದರೆ ತಮ್ಮನಿಗೆ ಗೊತ್ತಾದೀತು, ಮನಸ್ಸಿಗೆ ಹಚ್ಚಿಕೊಂಡಾನು ಎಂದು ಮುಂಡರಗಿಯಿಂದ ನೇರ ಗದಗಿನ ಬಸ್ಸು ಹತ್ತಿದ್ದಳು. ಗದಗಿನ ಬೆಳ್ಳಿಯೂ ತಮ್ಮನ ಒಲೆಗೇ ಬರುತ್ತದೆಂಬ ಖಬರು ಪಾಪ ಅವಳಿಗೆ ಹೇಗಿರಬೇಕು?

ಆ ಪಂಚಮಿಗೆ ಕರೆಯಲು ಹೋದಾಗ ಅಕ್ಕ ಸೆರಗನ್ನು ಕೊರಳ ಸುತ್ತ ಬಿಗಿಯಾಗಿ ಹೊದ್ದು ಕುಳಿತಿದ್ದಳು. ಮೊಣಕಾಲು ನೋವು ಅಂದಳು. "ಈ ವರ್ಸ ಆಗೂದಿಲ್ಲ ತಮ್ಮಾ, ಮುಂದಿನ ವರ್ಸ ನೋಡೂಣು." ಅದೇ ಮೊಣಕಾಲಿನಲ್ಲಿ ಎದ್ದು ಹೋಗಿ ತಮ್ಮನಿಗಾಗಿ ಪಂಚಮಿಯ ಉಂಡಿ ಕಟ್ಟಿ ತಂದಳು. ಹನ್ನೊಂದೂ ಕೊಂಡಿಗಳು ಆಗ ತಮ್ಮನ ಅಂಗಿಯ ಕಿಸೆಯಲ್ಲಿದ್ದವು. ಮೌನೇಶ ಅವನ್ನು ಹೊರಗೆ ತೆಗೆಯಲಿಲ್ಲ. ಚಹಾ ಕುಡಿದು ಒಬ್ಬರೇ ಬಸ್ಸು ಹತ್ತಿದರು. ನಲವತ್ತೇಳು ವರ್ಷದಲ್ಲಿ ಅಕ್ಕನಿಲ್ಲದ ಮೊದಲ ಪಂಚಮಿ ಅದು. ಆಮೇಲೆ ಯುಗಾದಿಗೂ ಅವಳು ಬರಲಿಲ್ಲ. ಫೋನು ಮಾಡಿದರೆ ಮೊಮ್ಮಗಳ ಕೈಗೆ ಕೊಟ್ಟುಬಿಡುತ್ತಾಳೆ.

ಈಗ ಮೌನೇಶ ದಂಧೆಯ ಕ್ರಮ ಮುರಿದಿದ್ದಾರೆ. ಮೊದಲು ಕೊಂಡಿಗಳ ಪುಡಿಕೆ ಬಿಚ್ಚಿ, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಒಲೆ ಹಚ್ಚುತ್ತಾರೆ. ಪರಿಚಿತರ ಮನೆಯದೆನಿಸಿದರೆ ಅಂಗಡಿಗೆ ಫೋನು ಮಾಡಿ, ಮಾರಿದವರನ್ನು ಇನ್ನೊಮ್ಮೆ ಕೇಳಿ ನೋಡಿ ಎನ್ನುತ್ತಾರೆ. ಈ ಒಂದು ವರ್ಷದಲ್ಲಿ ಹಾಗೆ ತಿರುಗಿ ಹೋದದ್ದು ಎರಡೇ ಸರ. ಉಳಿದ ಹೆಣ್ಣುಮಕ್ಕಳು ಕರಗಿಸಿಬಿಡಿ ಅಂದರು.

ಇಷ್ಟೆಲ್ಲ ಹೇಳಿ ಮೌನೇಶ ಇಕ್ಕಳ ಕೆಳಗಿಡುತ್ತಾರೆ. ಪಂಚಮಿಗೆ ಇನ್ನು ಇಪ್ಪತ್ತು ದಿನ. ಇದೆಲ್ಲ ಪತ್ರಿಕೆಯಲ್ಲಿ ಬಂದರೆ ಅಕ್ಕ ನೊಂದುಕೊಳ್ಳುವುದಿಲ್ಲವೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ.

"ನನ್ನ ಬಗ್ಗೆ ಬರೀರಿ, ಬಿಡ್ರಿ. ಇದನ್ನ ಮಾತ್ರ ಬರೀರಿ. ನನ್ನ ಬಾಯಿಲೆ ಹೇಳಾಕ ಆಗವಲ್ದು. ಆಕಿಗೆ ಓದಾಕ ಬರೂದಿಲ್ಲ, ಸುಶ್ಮಿತಾ ಓದಿ ಹೇಳ್ತಾಳ." ಎದುರಿಗೇ ಅಕ್ಕ ಕುಳಿತಂತೆ ಮುಂದುವರಿಸುತ್ತಾರೆ: "ಯಕ್ಕಾ, ಎಲ್ಲಾ ನನಗ ಗೊತ್ತೈತಿ. ನನ್ನ ಕೈಯಾಗನ ಕರಗೇತಿ. ಹುಡುಗಿ ಕಲಿಯಾಕ ಕೊಟ್ಟಿ, ಚಲೋನ ಮಾಡಿದಿ. ಪಂಚಮಿಗೆ ನಾಕ ದಿನ ಮುಂಚೆನ ಕರಿಯಾಕ ಬರ್ತೀನಿ. ಕೊರಳ ಮುಚಗೊಂಡು ಕುಂಡ್ರಬ್ಯಾಡ, ಎದ್ದು ನಡಿ ಮನಿಗಿ."