ಮೂರನೇ ಜ್ವರದ ದಿನ ಮಾಡಿದ ಭಾಷಣ

ನಮ್ಮ ಕಡೆ ಅಜ್ಜಿಯನ್ನು ಅವ್ವ ಅನ್ನುತ್ತಾರೆ. ನನಗೆ ಮಾತು ಕಲಿಸಿದವಳು ಅಪ್ಪನ ತಾಯಿ, ನಮ್ಮವ್ವ. ಜೀವಮಾನದಲ್ಲಿ ನಾನು ವೇದಿಕೆ ಹತ್ತಿದ್ದು ಒಂದೇ ಸಲ. ಆ ಭಾಷಣದ ಸುದ್ದಿ ಎತ್ತಿದರೆ ಅವ್ವನ ಕೊನೆಯ ದಿನವನ್ನೂ ಹೇಳಲೇಬೇಕಾಗುತ್ತದೆ. ಹಾಗಾಗಿ ಇಷ್ಟು ವರ್ಷ ಎರಡನ್ನೂ ಯಾರಿಗೂ ಪೂರ್ತಿ ಹೇಳಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಮೇಲೂರಿನ ಹತ್ತಿರದ ಹಳ್ಳಿ ನಮ್ಮದು. ನಾನು ಶಿಡ್ಲಘಟ್ಟದಲ್ಲಿ ಒಂಬತ್ತನೇ ಕ್ಲಾಸು ಓದುತ್ತಿದ್ದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಕನ್ನಡ ಮೇಡಂ ನನ್ನನ್ನು ಎಬ್ಬಿಸಿ ನಿಲ್ಲಿಸಿ, ‘ಹವ್ಯಾಸಗಳ ಪ್ರಯೋಜನ’ದ ಬಗ್ಗೆ ಐದು ನಿಮಿಷ ಮಾತಾಡಬೇಕು ಎಂದರು. ಮನೆಗೆ ಬಂದು ಹೇಳಿದೆ. ಅವ್ವ ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು.

“ಹವ್ಯಾಸ ಅಂದ್ರೆ ಏನೇ ಅದು?”

“ಬಿಡುವಾದಾಗ ಖುಷಿಗೆ ಮಾಡೋದು ಕಣವ್ವ.”

“ನಿಮ್ಮಪ್ಪ ಬೀಡಿ ಸೇದ್ತಾನಲ್ಲ, ಅದಾ?”

“ಅದು ಚಟ!”

“ಬಿಡುವಾದಾಗ್ಲೇ ಸೇದ್ತಾನೆ, ಖುಷಿಗೇ ಸೇದ್ತಾನೆ. ಇನ್ನೇನು ಬೇಕಮ್ಮ ಅದಕ್ಕೆ?”

ಒಳಗಿನಿಂದ ಅಮ್ಮ, “ಹುಳ ಸಾಕೋ ಮನೇಲಿ ಬಿಡುವಂತೆ! ಅದ್ಯಾವ ಊರಲ್ಲಿ ಸಿಗುತ್ತೋ ಕೇಳ್ಕೊಂಡ್ ಬಾರೇ, ನಂಗೂ ಒಂದು ಚೂರು ಬೇಕು” ಎಂದಳು. ಮೂವರೂ ನಕ್ಕೆವು.

ಪ್ರಬಂಧದ ಪುಸ್ತಕವೊಂದರಿಂದ ಭಾಷಣ ಬರೆದುಕೊಂಡು ಅವ್ವನ ಮುಂದೆ ಒಪ್ಪಿಸಿದೆ. ಅದರ ತುಂಬ ಅಂಚೆಚೀಟಿ ಸಂಗ್ರಹ, ನಾಣ್ಯ ಸಂಗ್ರಹ.

“ನಿನ್ನತ್ರ ಎಷ್ಟವೆ ಸ್ಟಾಂಪು?”

“ಒಂದೂ ಇಲ್ಲ.”

“ಇಲ್ಲದ್ದನ್ನ ಇದೆ ಅಂತ ಯಾಕಮ್ಮ ಹೇಳ್ತೀಯ? ಅದಕ್ಕೇ ಮಾತು ನುಂಗ್ತಾ ಇದೀಯ. ಕಂಡಿದ್ದು ಹೇಳು, ಗಂಟಲು ತಾನೇ ಬಿಟ್ಕೊಳ್ಳುತ್ತೆ.”

ನಾನು ಕಂಡಿದ್ದು ಅವ್ವನನ್ನು. ಚಿಟ್ಟೆ ತೂತು ಮಾಡಿ ಹೊರಬಂದ ರೇಷ್ಮೆಗೂಡನ್ನು ಯಾರೂ ಕೊಳ್ಳುವುದಿಲ್ಲ. ಅವ್ವ ಅಂಥವನ್ನು ಆರಿಸಿ, ಕತ್ತರಿಸಿ, ಅರಿಶಿನ ಸವರಿ ಹೂವು ಮಾಡುತ್ತಿದ್ದಳು, ಮಕ್ಕಳಿಗೆ ಕೋಳಿಮರಿ ಮಾಡಿಕೊಡುತ್ತಿದ್ದಳು. ಯಾಕವ್ವ ಮಾಡ್ತೀಯ ಎಂದರೆ, “ಕೈ ಸುಮ್ನಿರಲ್ಲ” ಎನ್ನುವಳು. ಸ್ಟಾಂಪುಗಳನ್ನೆಲ್ಲ ಹೊಡೆದುಹಾಕಿ ಅದನ್ನೇ ಬರೆದೆ. “ಅಯ್ಯೋ, ನನ್ನ ಸುದ್ದಿ ಬೇಡ, ನಗ್ತಾರೆ” ಎಂದು ಮುಖಕ್ಕೆ ಸೆರಗು ಹಿಡಿದಳು. ಆದರೆ ಆಮೇಲೆ ದಿನಾ ತಾನೇ ಕರೆದು, “ಎಲ್ಲಿ, ಆ ಭಾಗ ಇನ್ನೊಂದ್ಸಲ ಹೇಳು” ಅನ್ನುತ್ತಿದ್ದಳು.

ವಾರ್ಷಿಕೋತ್ಸವಕ್ಕೆ ಎರಡು ದಿನ ಮುಂಚೆ ಮೈಕೈ ನೋವು ಎಂದು ಮಲಗಿದಳು. ನಾವು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮನೆಯಲ್ಲಿ ಹುಳ ಮೂರನೇ ಜ್ವರಕ್ಕೆ ಕೂತಿದ್ದವು.

ಇದನ್ನು ಬಿಡಿಸಿ ಹೇಳಬೇಕು. ರೇಷ್ಮೆಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ನಾವು ಅದಕ್ಕೆ ಜ್ವರ ಅನ್ನುತ್ತೇವೆ. ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ನಾಲ್ಕು ಸಲ ಏಳುತ್ತದೆ. ಎದ್ದಾಗ ಅದರ ಹಸಿವು ಹೇಳತೀರದು. ಮನೆಮಂದಿಯೆಲ್ಲ ಸೊಪ್ಪು ಹಾಕಲು ನಿಲ್ಲಬೇಕು. ಹೀಗೆ ಜ್ವರ ಎದ್ದ ದಿನ ನನ್ನನ್ನು ಶಾಲೆಯಿಂದ ಕರೆಸಿಕೊಂಡದ್ದು ಎಷ್ಟೋ ಸಲ.

ವಾರ್ಷಿಕೋತ್ಸವದ ದಿನ ಮಧ್ಯಾಹ್ನ ಮೂರಕ್ಕೆ ನನ್ನ ಸರದಿ. ಒಂದು ಗಂಟೆಯ ಹೊತ್ತಿಗೆ ಗೇಟಿನ ಹತ್ತಿರ ನಮ್ಮ ಪಕ್ಕದ ಮನೆಯವರು ನಿಂತಿದ್ದರು. ನಾನು ಅವರನ್ನು ಚಿಕ್ಕಪ್ಪ ಅನ್ನುತ್ತಿದ್ದೆ. ಗೂಡಿನ ಮಾರ್ಕೆಟ್ಟಿಗೆ ಹೊರಟಿದ್ದರಂತೆ. ಬಸ್ಸು ಹೊರಡುವಾಗ ಅಮ್ಮ ಹಿಂದೆ ಓಡಿಬಂದು ಕೂಗಿ ಹೇಳಿದ್ದಳಂತೆ.

“ಜ್ವರ ಬಂದೈತಂತೆ ಕಣಮ್ಮ. ಬಿರ್ನೆ ಬರ್ಬೇಕಂತೆ.”

ಯಾರಿಗೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. “ಹುಳ ಎದ್ದಿರ್ಬೇಕು ಚಿಕ್ಕಪ್ಪ. ಭಾಷಣ ಮುಗ್ಸಿ ಬರ್ತೀನಿ” ಎಂದೆ. “ಹಂಗಾ? ಸರಿ ಬಿಡಮ್ಮ” ಎಂದು ಅವರು ಹೋದರು.

ಹುಳಕ್ಕೆ ಜ್ವರ ‘ಬರುವುದಿಲ್ಲ’. ಹುಳ ಜ್ವರಕ್ಕೆ ಕೂರುತ್ತವೆ, ಜ್ವರದಿಂದ ಏಳುತ್ತವೆ. ಜ್ವರ ಬರುವುದು ಮನುಷ್ಯರಿಗೆ. ನಮ್ಮ ಕಡೆ ಚಿಕ್ಕ ಮಕ್ಕಳೂ ಈ ಮಾತಿನಲ್ಲಿ ತಪ್ಪುವುದಿಲ್ಲ. ಒಂದೊಂದು ಮಾತನ್ನೂ ಅವ್ವನ ಬಾಯಿಂದ ಕಲಿತ ನನಗೆ ಆ ವ್ಯತ್ಯಾಸ ಕೇಳಿಸಲಿಲ್ಲ ಎಂದರೆ ಅದು ಸುಳ್ಳು. ಕೇಳಿಸಿತು. ಮೂರು ಗಂಟೆ ಆಗಲಿ ಎಂದು ಕೇಳಿಸದ ಹಾಗೆ ಇಟ್ಟುಕೊಂಡೆ.

ಭಾಷಣ ಚೆನ್ನಾಗಿ ಬಂತು. ಅವ್ವನ ಭಾಗ ಬಂದಾಗ ಗಂಟಲು ಬಿಟ್ಟುಕೊಂಡಿತು. ಯಾರೂ ನಗಲಿಲ್ಲ, ಹಿಂದಿನ ಸಾಲಿನವರೆಗೂ ಚಪ್ಪಾಳೆ ಬಿತ್ತು. ಮೇಡಂ ಬೆನ್ನು ತಟ್ಟಿ, “ಕರ್ಕೊಂಡ್ ಬರ್ಬೇಕಾಗಿತ್ತಲ್ಲೇ ನಿಮ್ಮಜ್ಜೀನ” ಎಂದರು.

ಸಂಜೆ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಅವ್ವನನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ ಎಂದು ಎದುರುಮನೆಯವರು ಹೇಳಿದರು. ಹುಳ ನಿಜಕ್ಕೂ ಎದ್ದಿದ್ದವು. ಹಸಿದು ತಟ್ಟೆಯ ಅಂಚಿಗೆ ಬಂದು ತಲೆ ಆಡಿಸುತ್ತಿದ್ದವು. ಸಮವಸ್ತ್ರವನ್ನೂ ಬದಲಿಸದೆ ಒಬ್ಬಳೇ ಸೊಪ್ಪು ಹೆಚ್ಚಿ ಹಾಕಿದೆ. ಅವು ತಿನ್ನುವ ಸದ್ದು ಮನೆ ತುಂಬ ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಬೆಳಿಗ್ಗೆ ಅವ್ವನನ್ನು ತಂದರು. ಉಸಿರಿರಲಿಲ್ಲ.

ಆಸ್ಪತ್ರೆಗೆ ಹೊರಡುವ ಮುಂಚೆ ಅವ್ವ ಎರಡು ಸಲ, “ಬಂತಾ ಮಗು?” ಎಂದು ಕೇಳಿದ್ದಳಂತೆ. ಎಲ್ಲ ಮುಗಿದ ಮೇಲೆ ಅಮ್ಮ ಕೇಳಿದಳು, “ಹೇಳ್ಕಳ್ಸಿದ್ನಲ್ಲೇ, ಹೇಳ್ಲಿಲ್ವಾ ಅವ್ರು?”

“ಸರಿಯಾಗಿ ಹೇಳ್ಲಿಲ್ಲ” ಎಂದೆ.

ಅಮ್ಮ ಬೀದಿಯಲ್ಲೇ ನಿಂತು ಚಿಕ್ಕಪ್ಪನನ್ನು ಅಂದಳು, ಆಡಿದಳು. “ಅವ್ವಂಗೆ ಅನ್ನೋ ಮೂರಕ್ಷರ ಬಾಯಿಗೆ ಬರ್ಲಿಲ್ವಾ ನಿಂಗೆ?” ಅವರು ತಲೆ ತಗ್ಗಿಸಿ, “ಬಸ್ಸಿನ ಸದ್ದಲ್ಲಿ ಕೇಳಿಸ್ಲಿಲ್ಲಕ್ಕ, ತಪ್ಪಾಯ್ತು” ಅನ್ನುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಹೊರಗೆ ಬರಲಿಲ್ಲ.

ಚಿಂತಾಮಣಿಗೆ ಮದುವೆಯಾಗಿ ಹೋದ ಮೇಲೆ, ತೊಂಬತ್ತರ ದಶಕದಲ್ಲಿ, ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಪ್ಪ ಸಿಕ್ಕಿದರು. ಕೂದಲು ಬೆಳ್ಳಗಾಗಿತ್ತು. ನನ್ನ ಮಗಳ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಆ ದಿನದ ಮಾತು ತಾವೇ ಎತ್ತಿದರು.

“ಯಾರಿಗೆ ಅಂತ ನಾನೊಂದು ಮಾತು ಕೇಳ್ಬೇಕಾಗಿತ್ತು ಕಣಮ್ಮ ಅವತ್ತು.”

“ನೀವು ಹೇಳಿದ್ದು ಸಾಕಾಗಿತ್ತು ಚಿಕ್ಕಪ್ಪ. ನಂಗೆ ಗೊತ್ತಾಗಿತ್ತು. ಗೊತ್ತಿದ್ದೇ ಬರ್ಲಿಲ್ಲ ನಾನು.”

ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. “ನನ್ನ ಸಮಾಧಾನಕ್ಕೆ ಹಿಂಗೆಲ್ಲ ಹೇಳ್ಬೇಡಮ್ಮ. ಎಷ್ಟು ಒಳ್ಳೆ ಮನಸ್ಸು ನಿಂದು” ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅಷ್ಟರಲ್ಲಿ ಶಿಡ್ಲಘಟ್ಟದ ಬಸ್ಸು ಬಂತು. ಚೀಲ ಹೆಗಲಿಗೇರಿಸಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಹತ್ತಿದರು.