ಬೆರಕೆ ಅಕ್ಕಿಯ ಅನ್ನ

ಇವತ್ತು ಮಧ್ಯಾಹ್ನ ತುತ್ತು ಬಾಯಿಗಿಟ್ಟೆ. ಒಂದು ಅಗುಳು ಮೆತ್ತಗಾಗಿ ಕರಗಿತು, ಪಕ್ಕದ್ದು ಹಲ್ಲಿಗೆ ಕಟಕ್ಕೆಂದಿತು. ಗಂಗಾವತಿಯಲ್ಲಿ ಇಪ್ಪತ್ತೈದು ವರ್ಷ ಅಕ್ಕಿ ದಲಾಲಿ ಮಾಡಿದವನ ಮನೆಯಲ್ಲಿ ಇಂಥ ಅನ್ನ! ಹೆಂಡತಿ ಅಡುಗೆಮನೆಯಿಂದಲೇ, "ಅವಸರದಾಗ ನಿಮ್ಮ ಆ ಡಬ್ಬಿ ಅಕ್ಕಿ ಹಾಕೀನ್ರಿ. ಬಿಡ್ರಿ, ಬ್ಯಾರೆ ಇಡ್ತೀನಿ" ಎಂದಳು. ನಾನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅನ್ನುವುದಕ್ಕೆ ನಿಮ್ಮನ್ನು ತುಸು ಹಿಂದಕ್ಕೆ ಕರೆದೊಯ್ಯಬೇಕು.

ಆಗ ನಾನು ಅಂಗಡಿ ಹಾಕಿ ಎರಡೋ ಮೂರೋ ವರ್ಷ. ಹತ್ತಿರದ ಮರಳಿ ಎಂಬ ಹಳ್ಳಿಯ ಸಾಲಿಯಲ್ಲಿ ಪಾಠ ಹೇಳುತ್ತಿದ್ದ ಶಾಂತಕ್ಕೋರು ಒಂದು ದಿನ ನನ್ನ ಅಂಗಡಿ ಮುಂದೆ ಟಂಟಂ ಗಾಡಿಯಿಂದ ಎರಡು ಚೀಲ ಅಕ್ಕಿ ಇಳಿಸಿದರು. ಆಫ್ರಿಕಾದಲ್ಲಿ ಮಳೆ ಹೋಗಿ ಜನ ಹಸಿದಿರುವ ಸುದ್ದಿಯನ್ನು ರೇಡಿಯೊದಲ್ಲಿ ಕೇಳಿ, ನಕಾಶೆ ತೂಗುಹಾಕಿ ಮಕ್ಕಳಿಗೆ ತಿಳಿಸಿದ್ದರಂತೆ. ಮಠಕ್ಕೆ ತೆಗೆದಿಡುವ ಹಾಗೆಯೇ ಮನೆಮನೆಯಲ್ಲೂ ಎಸರಿಗೆ ಹಾಕುವ ಮುಂಚೆ ಒಂದು ಹಿಡಿ ತೆಗೆದಿಟ್ಟು, ಮಕ್ಕಳು ತಂದು ಸುರಿದ ಅಕ್ಕಿ ಅದು. ಮಾರಿ, ಅಲ್ಲಿ ಗಂಜಿ ಕಾಯಿಸಿ ಹಾಕುವ ಸಂಸ್ಥೆಯೊಂದಕ್ಕೆ ಹಣ ಕಳಿಸಬೇಕೆಂದು ಅವರ ಇರಾದೆ.

ಚೀಲಕ್ಕೆ ಕೈ ಹಾಕಿದೆ. ಸೋನಾಮಸೂರಿ, ದಪ್ಪಕ್ಕಿ, ಹೊಸದು, ಹಳೆಯದು, ಎಲ್ಲ ಒಂದರೊಳಗೊಂದು. ಬೆರಕೆ ಅಕ್ಕಿ ಒಂದೇ ಹದಕ್ಕೆ ಬೇಯುವುದಿಲ್ಲ. ನಮ್ಮೂರಲ್ಲಿ ಅದನ್ನು ಯಾರೂ ಮೂಸುವುದಿಲ್ಲ. ಬುದ್ಧಿ ಹೇಳಲು ನನ್ನನ್ನು ಯಾರೂ ಕರೆಯಬೇಕಿಲ್ಲ. "ಅಕ್ಕೋರ, ತಳಿಗೊಂದು ಚೀಲ ಇಡಬೇಕಿತ್ತು. ಇದು ಕೋಳಿಗೆ ಹಾಕೋ ಮಾಲು" ಅಂದೆ.

"ಇದು ಅಲ್ಲಿ ಯಾರದೋ ಊಟ ಆಗ್ತೈತಿ ಅಂತ ಹುಡುಗರಿಗೆ ಮಾತು ಕೊಟ್ಟೀನ್ರಿ. ಕೋಳಿ ತಿಂದ್ವು ಅಂತ ಹ್ಯಾಂಗ ಹೇಳ್ಲಿ? ಒಂದು ಹಿಡಿ ಬೇಯಿಸಿ, ಉಂಡು, ಆಮ್ಯಾಲ ಬೆಲಿ ಕಟ್ರಿ."

ಅಂಗಡಿಯ ಚಹಾ ಸ್ಟೋವಿನ ಮೇಲೆ ಬೇಯಿಸಿದೆವು. ಒಂದು ತುತ್ತು ನುಂಗಿ, ಇನ್ನೊಂದಕ್ಕೆ ಕೈ ಹಾಕಿದೆ. ಹಮಾಲಿ ಮಾಡುತ್ತಿದ್ದ ಕಾಲದಲ್ಲಿ, ಚೀಲಗಳಿಂದ ನೆಲಕ್ಕೆ ಸೋರಿದ್ದನ್ನು ಗುಡಿಸಿ, ಮಣ್ಣು ಆರಿಸಿ ನಾವು ಬೇಯಿಸಿಕೊಳ್ಳುತ್ತಿದ್ದದ್ದು ಇದನ್ನೇ. ಎರಡು ವರ್ಷ ನನ್ನ ಬೆನ್ನಿಗೆ ಬಲ ಕೊಟ್ಟ ಅನ್ನ. ಆಗ ನಾನು ತಳಿ ಕೇಳಿರಲಿಲ್ಲ.

ಹಿಟ್ಟಿಗೆ ತಳಿ ಯಾಕೆ ಎಂದು ಹೊಳೆದದ್ದು ಆಗಲೇ. ಎದುರಿಗೇ ಖಾದರಸಾಬರ ಹಿಟ್ಟಿನ ಗಿರಣಿ. ಚಕ್ಕಲಿ ಮಾಡಿ ಕುಷ್ಟಗಿ, ಯಲಬುರ್ಗಾಕ್ಕೆಲ್ಲ ಕಳಿಸುವವರು. ಅರ್ಧ ತಾಸು ಚೌಕಾಸಿ ನಡೆಯಿತು. ಬೆರಕೆ ಮಾಲಿಗೆ ನಾನು ಬೆಲೆ ಏರಿಸುತ್ತಲೇ ಹೋದದ್ದನ್ನು ಕಂಡು ಅವರಿಗೆ ಅನುಮಾನ ಬಂತು. ಕೊನೆಗೆ ಸಂಗತಿ ಹೇಳಿದೆ.

"ಮೊದಲ ಹೇಳಬಾರದೇನಪಾ" ಎಂದು ಒಳ್ಳೆ ಅಕ್ಕಿಯ ದರಕ್ಕೇ ಒಪ್ಪಿದರು. ಆಮೇಲೆ, "ಇದರಾಗ ನಿಂದೇನು?" ಎಂದರು.

"ನನ್ನ ದಲಾಲಿ ಬಿಟ್ಟೀನ್ರಿ."

"ದಲಾಲಿ ಬಿಟ್ಟಿದ್ದು ದಾನ ಆತಾ? ಹಂಗಾರ ಇವತ್ತು ನಾ ಕಳವು ಮಾಡಿಲ್ಲ, ಅದನ್ನೂ ದಾನದಾಗ ಹಿಡಿ."

ಅಕ್ಕೋರು ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ನನ್ನ ಅಂಗಡಿಯೊಳಗೆ ಹೋಗಿ, ಹಮಾಲರನ್ನು ಕರೆಯದೆ, ಹಳೆ ಸೋನಾಮಸೂರಿಯ ಚೀಲವೊಂದನ್ನು ನನ್ನ ಬೆನ್ನ ಮೇಲೆಯೇ ಹೊತ್ತು ತಂದೆ. ಅದೂ ಮಾರಾಟವಾಗಿ, ಹಣ ಒಟ್ಟಿಗೆ ಹೋಯಿತು. ಕೆಲವು ವಾರಗಳ ಮೇಲೆ ಸಂಸ್ಥೆಯಿಂದ ಬಂದ ಕಾಗದವನ್ನು ಅಕ್ಕೋರು ಮಕ್ಕಳಿಗೆ ಓದಿ ಹೇಳಿ, ನಕಾಶೆಗೆ ಅಂಟಿಸಿದರಂತೆ.

ಅಂದಿನಿಂದ ವ್ಯಾಪಾರಿಗಳು ನೋಡಿ ಬಿಟ್ಟ ಮಾದರಿ ಅಕ್ಕಿಯನ್ನೆಲ್ಲ ಮನೆಯ ಡಬ್ಬಿಯಲ್ಲಿ ಕೂಡಿಹಾಕುತ್ತೇನೆ. ತುಂಬಿದಾಗ ಗಿರಣಿಗೆ, ಅಲ್ಲಿಂದ ಹಣವಾಗಿ ಆಫ್ರಿಕಾಕ್ಕೆ. ನೀವು ಕೇಳದಿದ್ದರೂ ಹೇಳುತ್ತೇನೆ: ಕೊಡಲು ಚೀಲ ತುಂಬಲಿ ಎಂದು ಕಾಯಬೇಡಿ, ಎಸರು ಕುದಿಯುವ ಮುಂಚೆ ಒಂದು ಹಿಡಿ ಸಾಕು. ಚೌಕಾಸಿ ಮಾತ್ರ ಬೇಡ.

ಊಟ ಮುಗಿಸಿ ಡಬ್ಬಿ ತೆರೆದೆ. ಇವತ್ತು ನಾವು ಉಂಡದ್ದು ಅಲ್ಲಿಯವರ ಪಾಲು. ಉಂಡಷ್ಟನ್ನು ಒಳ್ಳೆ ಅಕ್ಕಿಯಲ್ಲಿ ಅಳೆದು ಹಾಕಿ ಮುಚ್ಚಳ ಒತ್ತಿದೆ. ಕೊಂಡಲ್ಲೆಲ್ಲ, ಅಳತೆ ಮುಗಿದ ಮೇಲೂ ಒಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಎದ್ದವನಲ್ಲ ನಾನು. ಹೆಂಡತಿಗೆ ಅದು ಚೆನ್ನಾಗಿ ಗೊತ್ತು.

"ಕೊಸರು ಹಾಕಂಗಿಲ್ಲೇನ್ರಿ?" ಎಂದಳು.

ಮುಚ್ಚಳ ಮತ್ತೆ ತೆಗೆದೆ. ಎರಡು ಹಿಡಿ ಹಾಕಿದೆ.