ತುಳಸಿಕಟ್ಟೆಯ ಕೆಳಗಿನ ಮುಚ್ಚಳ

ರಾಯದುರ್ಗದ ನಮ್ಮ ಮನೆಯ ಪಾಯಖಾನೆ ನೀರು ಇಳಿಸುವುದನ್ನು ನಿಲ್ಲಿಸಲು ಆರಿಸಿಕೊಂಡ ಮುಹೂರ್ತ, ತಂಗಿಯನ್ನು ನೋಡಲು ಮಡಕಶಿರದಿಂದ ಗಂಡಿನ ಕಡೆಯವರು ಬರಲಿದ್ದ ದಿನದ ಬೆಳಗ್ಗೆ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಗಾಡಿಯವನು ಪೈಪು ಹೊತ್ತು ಬಂದು, "ಮುಚ್ಚಳ ಎಲ್ಲೈತ್ರಿ?" ಎಂದ.

ಅಂಗಳದ ತುಂಬ ಕಡಪ ಕಲ್ಲು. ಕಲ್ಲಿಲ್ಲದ ಜಾಗ ಒಂದೇ, ಅವ್ವನ ತುಳಸಿಕಟ್ಟೆ. ಹಿಂದೊಮ್ಮೆ ಅಲ್ಲಿ ಎತ್ತರದ ಚೌಕ ಕಂಡು, ದೇವರೇ ಪಾಯ ಹಾಕಿಕೊಟ್ಟಿದ್ದಾನೆಂದು ಅವ್ವ ಅದರ ಮೇಲೇ ಕಟ್ಟೆ ಇಡಿಸಿದ್ದಳು.

"ಸರಿಸಬೇಕವ್ವಾ," ಎಂದೆ.

"ತುಳಸಮ್ಮನ್ನ ಎಬ್ಬಿಸ್ತಿ? ಯಾಕ, ಬಂದೋರು ಹೊಲಕ್ಕ ಹೋಗಂಗಿಲ್ಲೇನು?"

"ನೀನ ಚೊಂಬು ಕೊಟ್ಟು ಕಳಸವ್ವಾ," ಎಂದಳು ತಂಗಿ.

ಅವ್ವ ಯೋಚಿಸಿ, ಕುಂಕುಮ ಏರಿಸಿ, ತುಳಸಿಯ ಕ್ಷಮೆ ಕೇಳಿ, ಹಾರೆಗೆ ಅನುಮತಿ ಕೊಟ್ಟಳು. ಗಾಡಿಯವನು ಚಪ್ಪಲಿ ಬಿಟ್ಟು ಕಟ್ಟೆ ಮೀಟಿದ. ತುಳಸಿಯ ಬೇರು ಮುಚ್ಚಳದ ಸಂದಿ ಹಿಡಿದು ಟ್ಯಾಂಕಿನೊಳಕ್ಕೇ ಇಳಿದಿತ್ತು. ಇಡೀ ಓಣಿಯಲ್ಲಿ ನಮ್ಮ ತುಳಸಿಯೊಂದೇ ಯಾಕಿಷ್ಟು ಹುಲುಸು ಎಂಬ ಬಹುಕಾಲದ ಶಂಕೆ ಪರಿಹಾರವಾಯಿತು.

ಗಂಡಿನವರು ಬರುವಷ್ಟರಲ್ಲಿ ಟ್ಯಾಂಕು ಖಾಲಿಯಾಗಿ, ಅಂಗಳ ತೊಳೆದಾಗಿತ್ತು. ಗಂಡಿನ ತಾಯಿ ಮೊದಲು ಕೈಮುಗಿದಿದ್ದು ಮೂಲೆಗೆ ಸರಿದ ತುಳಸಿಗೆ.

"ಎಷ್ಟ್ ಚೆನ್ನಾಗ್ ಬೆಳ್ಸಿದೀರಮ್ಮ. ಏನ್ ಹಾಕ್ತೀರ?"

ಅವ್ವ ಸೆರಗು ಸರಿಪಡಿಸಿಕೊಂಡಳು. "ಏನೂ ಇಲ್ರಿ. ದಿನಾ ಪೂಜಿ ತಪ್ಪಸಂಗಿಲ್ಲ, ಅಷ್ಟ."

ಪೈಪು ಸುತ್ತುತ್ತಿದ್ದ ಗಾಡಿಯವನು ಗೋಡೆಯ ಕಡೆ ತಿರುಗಿ ಕೆಮ್ಮಿದ.

ಅಂಥ ದೈವಭಕ್ತರ ಮನೆಯ ಹೆಣ್ಣೇ ಬೇಕೆಂದು ಆಕೆ ಹಟ ಹಿಡಿದು, ಸಂಬಂಧ ಕುದುರಿತು. ತುಳಸಿ ಮಾತ್ರ ಆಮೇಲೆ ಮೊದಲಿನಂತೆ ಚಿಗುರಲಿಲ್ಲ. ಪೂಜೆಗೇನೂ ಕೊರತೆಯಿಲ್ಲ.